ಮೂರು ಮತ್ತು ನಾಲ್ಕರ ನಡುವೆ

ಪುಸ್ತಕ ಸಿಕ್ಕಿದ್ದು ಗಾಂಧಿ ಬಜಾರಿನ ರದ್ದಿ ಅಂಗಡಿಯಲ್ಲಿ,
ಬಿ.ಎಡ್. ಗೈಡುಗಳ ಅಡಿಯಲ್ಲಿ, ಅಂಗಾತ.
ತಕ್ಕಡಿಗೆ ಹಾಕಿ ನಲವತ್ತು ರೂಪಾಯಿ ಅಂದ.
ಅರವತ್ತೊಂದರಿಂದ ಅರವತ್ನಾಲ್ಕು ಪುಟ ಇರಲಿಲ್ಲ.
ಇಲ್ಲದ ಪುಟಕ್ಕೆ ದುಡ್ಡು ಹಿಡಿಯಲಿಲ್ಲ, ಪುಣ್ಯಾತ್ಮ.

ಗಾರ್ಡ್ ಅಂದರೆ ನಮ್ಮಲ್ಲಿ
ಎಟಿಎಂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ತೂಕಡಿಸುವವನು,
ತಾಳಗುಪ್ಪದ ರೈಲಿನ ಕೊನೇ ಡಬ್ಬಿಯಿಂದ
ಹಸಿರು ಬಾವುಟ ಬೀಸುವವನು.
ಈ ಪುಸ್ತಕದಲ್ಲಿ ಗಾರ್ಡ್ ಅಂದರೆ
ಬೆನ್ನ ಮೇಲೆ ಮಲಗಿ
ಎದುರಾಳಿಯ ಸೊಂಟಕ್ಕೆ ಎರಡೂ ಕಾಲು ಸುತ್ತಿ
ಹಿಂದುಗಡೆ ಪಾದಕ್ಕೆ ಪಾದ ಕೊಕ್ಕೆ ಹಾಕುವುದು.
ಬಿದ್ದವಳೇ ಕಾವಲು.

ಶಾಲೆ ಬಿಟ್ಟ ಮೇಲೆ ಆಟದ ಸಾಮಾನಿನ ಕೋಣೆ.
ಹೈಜಂಪಿನ ಹಳೇ ಮ್ಯಾಟು, ಗಾಳಿ ಹೋದ ಥ್ರೋಬಾಲು,
ಟ್ರ್ಯಾಕಿಗೆ ಗೆರೆ ಎಳೆಯುವ ಸುಣ್ಣದ ಪುಡಿಯ ಮೂಟೆ,
ಒಂದು ಮೂಲೆ ಇಲಿ ಕಡಿದದ್ದು.
ನಾನು ಪಿ.ಟಿ. ಮೇಡಂ.
ಫಿಲೋಮಿನಾ ಹಿಂದಿ ಪಾಠದವಳು, ಎಪ್ಪತ್ತೆಂಟು ಕೆಜಿ,
ಕೊರಳ ಸರ ಬಿಚ್ಚಿ ಚಾಕ್‌ಪೀಸಿನ ಡಬ್ಬಿಗೆ ಹಾಕಿ
"ಯೇಸುವೇ" ಅಂತ ಮೊಣಕಾಲೂರುತ್ತಾಳೆ.
ಪುಸ್ತಕ ಮುಚ್ಚದಿರಲೆಂದು ಎಡಪುಟಕ್ಕೊಂದು, ಬಲಪುಟಕ್ಕೊಂದು
ಶಾಟ್‌ಪುಟ್ ಗುಂಡು.

ಚಿತ್ರ ಒಂದು: ತೋಳು ಹಿಡಿ.
ಚಿತ್ರ ಎರಡು: ಟೊಂಕ ಪಕ್ಕಕ್ಕೆ ಜಾರಿಸು.
ಚಿತ್ರ ಮೂರು: ಮೇಲಿದ್ದವನು ಮೇಲೇ ಇದ್ದಾನೆ.
ಚಿತ್ರ ನಾಲ್ಕು: ಮೇಲಿದ್ದವನು ಕೆಳಗಿದ್ದಾನೆ.
ಮೂರು ಮತ್ತು ನಾಲ್ಕರ ನಡುವೆ
ಅರ್ಧ ಇಂಚು ಬಿಳೀ ಕಾಗದ.
ಜೂನ್ ಪೂರ್ತಿ ನಾವು ಆ ಅರ್ಧ ಇಂಚಿನಲ್ಲೇ ಬಿದ್ದಿದ್ದೆವು.
"ಶಬ್ದಾರ್ಥ ಎಲ್ಲ ಇದೆ ಕಣೇ, ವಾಕ್ಯ ಆಗ್ತಿಲ್ಲ"
ಅಂದಳು ಫಿಲೋಮಿನಾ, ನನ್ನೆದೆಯ ಮೇಲಿಂದ.
ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ.

ಅಪ್ಪ ಕೋಟೆ ರಸ್ತೆಯ ಗರಡಿಯಲ್ಲಿ ಉಸ್ತಾದರು.
ಅವರ ಶಾಸ್ತ್ರಕ್ಕೆ ಒಂದೇ ಸಾಲು:
ಬೆನ್ನು ಮಣ್ಣು ಮುಟ್ಟಿದರೆ ಮುಗೀತು.
ಅಣ್ಣನಿಗೆ ಆರನೇ ವರ್ಷಕ್ಕೇ ಲಂಗೋಟಿ, ಬಾದಾಮಿ ಹಾಲು,
ಅಂಗೈಯಗಲ ಬೆಣ್ಣೆ.
ನನಗೆ ಹೊಸಿಲಾಚೆ ಚಪ್ಪಲಿ ಕಾಯುವ ಕೆಲಸ.
ಕಿಟಕಿಯಲ್ಲಿ ಕಂಡಷ್ಟು:
ಎಣ್ಣೆ ಮಜ್ಜಿಗೆ ಕುಡಿದ ಕೆಂಪು ಮಣ್ಣು,
ಬಿದ್ದವರು ಪೂರ್ತಿ ಏಳುವ ಮೊದಲೇ
ಬೆನ್ನು ಒರೆಸಿಕೊಳ್ಳುವ ಅವಸರ.
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ, ನಗುತ್ತಿದ್ದರು.
ಮೀಸೆ ಇಲ್ಲದವರ ಗತಿ ಏನೆಂದು
ಕೇಳಲು ಆಗ ತೋಚಲಿಲ್ಲ.

ಆಗಸ್ಟಿನ ಒಂದು ಗುರುವಾರ
ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಿತ್ತು. ಅಪ್ಪ ಬೇಗ ಬಂದರು.
ಬಾಗಿಲಲ್ಲೇ ನಿಂತರು.
ಮಗಳು ಕೆಳಗೆ, ಮೇಲೆ ಹಿಂದಿ ಟೀಚರು.
"ಚಿತ್ತಾಗಿದೀಯ. ಏಳು."
"ಇದು ಶುರು ಅಪ್ಪ, ಸೋಲಲ್ಲ."
"ಯಾವನು ಹೇಳಿದ್ದು?"
ಪುಸ್ತಕ ತೋರಿಸಿದೆ.
ಎರಡೂ ಗುಂಡು ಒಂದೇ ಕೈಯಲ್ಲಿ ಬದಿಗಿಟ್ಟು
ಪುಟವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು
ಅಕ್ಷರ ಬಿಟ್ಟು ಚಿತ್ರ ಓದಿದರು.
ಆ ಅರ್ಧ ಇಂಚಿನ ಮೇಲೆ ಹೆಬ್ಬೆರಳು ನಿಂತಿತು.
"ಇಲ್ಲಿ ಮೇಲಿನವನು ಉಸಿರು ತಗೊಂಡಿದಾನೆ. ಭುಜ ನೋಡು.
ಉಸಿರು ತಗೊಳ್ಳೋವಾಗ ಯಾರೂ ಭಾರ ಇರಲ್ಲ."
ಅಷ್ಟೇ. ಬೆಂಚಿಗೆ ಹೋಗಿ
ಗೋಡೆಗೆ ಮುಖ ಮಾಡಿ ಕೂತರು,
ನೋಡಿದರೆ ಎಲ್ಲಿ ಒಪ್ಪಿದಂತಾಗುತ್ತದೋ ಎಂಬಂತೆ.

ಕಾದೆ.
ಫಿಲೋಮಿನಾ ಉಸಿರೆಳೆದಳು.
ಎಪ್ಪತ್ತೆಂಟು ಕೆಜಿ
ತಳ ಬಿಟ್ಟ ದೋಸೆಯ ಹಾಗೆ ಮಗುಚಿಕೊಂಡಿತು.
ಕಾಲು ಮೂಟೆಗೆ ತಾಗಿ ಕೋಣೆಯೆಲ್ಲ ಬೆಳ್ಳಗೆ.
ಕೆಮ್ಮುತ್ತ, ನಗುತ್ತ, ನನ್ನ ಕೆಳಗಿಂದ
"ಪೂರ್ಣವಿರಾಮ" ಅಂದಳು.
ಅಪ್ಪ ತಿರುಗಲಿಲ್ಲ.
ಕಿವಿ ಮಾತ್ರ ಈ ಕಡೆಗಿತ್ತು.

ಹೊಳೆ ಬಸ್‌ಸ್ಟಾಪಿನ ಸಿಗ್ನಲ್ಲಿನಲ್ಲಿ ಸ್ಕೂಟರಿನ ಹಿಂದಿಂದ
"ಬೆನ್ನೆಲ್ಲ ಸುಣ್ಣ" ಅಂದರು.
"ಗೊತ್ತು" ಅಂದೆ.
ಒರೆಸಲು ಎತ್ತಿದ ಕೈ
ಕನ್ನಡಿಯಲ್ಲಿ ಕಂಡಿತು,
ದೀಪ ಹಸಿರಾಗುವವರೆಗೂ ಗಾಳಿಯಲ್ಲೇ.
ಆಮೇಲೆ ಹಿಂದಿನ ಕಂಬಿ ಹಿಡಿದುಕೊಂಡಿತು.