ಹನ್ನೊಂದು ನಿಮಿಷದ ಕಾಫಿ

ನೆಲದಡಿಯ ಮನೆಗಳ ಊರು ಕೂಬರ್ ಪೀಡಿ,
ಬಿಸಿಲಿಗೆ ಬೆನ್ನು ಕೊಟ್ಟು ಓಪಲ್ ಅಗೆದವರದು.
ಇಲ್ಲಿ ಸ್ಲಾವ್ಕಾ, ತನ್ನ ಎಪ್ಪತ್ತೊಂದರಲ್ಲಿ,
ಬಿಸಿಲನ್ನೇ ಅಗೆಯಲು ಹೊರಟಳು.

ತುಕ್ಕು ಹಿಡಿದ ಟೀವಿ ಡಿಶ್ಶು.
ಅವಳ ದೇಶ ಒಡೆದ ಸುದ್ದಿ
ಇದರೊಳಕ್ಕೇ ಬಂದು ಬಿದ್ದದ್ದು.
ಮುಚ್ಚಿದ ಸಲೂನಿನ ಕನ್ನಡಿಯನ್ನು
ಗೋಣಿಯಲ್ಲಿ ಸುತ್ತಿ ಬಡಿದೆವು.
"ಕನ್ನಡಿ ಒಡೆದರೆ ಏಳು ವರ್ಷ ಅನಿಷ್ಟ" ಎಂದೆ.
"ಅಷ್ಟು ದಿನ ಇರ್ತೀನಾ? ಅಂಟು ಕೊಡು" ಅಂದಳು.

ನಾನೂರ ಹನ್ನೆರಡು ಚೂರು. ಎಣಿಸಿದ್ದು ನಾನು.
ಒಂದರಲ್ಲಿ ಅವಳ ಮೂಗು, ಒಂದರಲ್ಲಿ ನನ್ನ ಕಿವಿ,
ಉಳಿದದ್ದೆಲ್ಲ ಆಕಾಶ.

ನಟ್ಟನಡುವೆ ಹಿಡಿದ ಕಡ್ಡಿ ತಣ್ಣಗೇ ಇತ್ತು.
ಓರೆ ಡಿಶ್ಶು ಇದು: ಮುಖ ಒಂದು ಕಡೆ,
ಮನಸ್ಸು ಇನ್ನೊಂದು ಕಡೆ.
ವೆಲ್ಡಿಂಗ್ ಕನ್ನಡಕದ ಹಸಿರು ಕತ್ತಲಲ್ಲಿ
ಬೆರಳು ಬೆರಳಷ್ಟೇ ಕೆಳಗಿಳಿಸಿ ಹುಡುಕಿದೆವು,
ಬರಿದಾದ ಗಣಿಯಲ್ಲಿ ಹರಳು ತಡಕುವವರಂತೆ.
ಆಮೇಲೆ, ಸಣ್ಣಗೆ ಹೊಗೆ.
ಕಡ್ಡಿಯದಲ್ಲ, ನನ್ನ ಅಂಗಿ ತೋಳಿನದು!
ಅವಳು ನಕ್ಕ ಸದ್ದಿಗೆ
ತಂತಿಯ ಮೇಲಿನ ಕಾಗೆಗಳೆಲ್ಲ ಎದ್ದುಹೋದವು.

ಈಗ ದಿನಾ ಹತ್ತು ಗಂಟೆಗೆ
ಉದ್ದ ಹಿಡಿಕೆಯ ತಾಮ್ರದ ಗಿಂಡಿ ಅಲ್ಲಿ ಕೂರುತ್ತದೆ.
ಸೂರ್ಯ ಸರಿದಷ್ಟೂ ಡಿಶ್ಶನ್ನು ಸರಿಸುತ್ತಾಳೆ,
ಓಡುವ ಮಗುವಿನ ಹಿಂದೆ ತುತ್ತು ಹಿಡಿದ ಹಾಗೆ.
ಹನ್ನೊಂದು ನಿಮಿಷಕ್ಕೆ ಉಕ್ಕು.
ಮೋಡವಿದ್ದರೆ, ಬೈಗುಳ.

ಕುಡಿದಾದ ಮೇಲೆ
ಹಳೆಯ ಕಂಬಳಿ ಹೊದಿಸಿ ಬಿಗಿಯಾಗಿ ಕಟ್ಟುತ್ತಾಳೆ.
"ಯಾರೂ ನೋಡದಾಗ ಇದು
ಏನೇನು ಸುಡುತ್ತೋ, ಯಾರು ಬಲ್ಲರು?"
ಎನ್ನುತ್ತ ತಣ್ಣನೆಯ ಕತ್ತಲಿಗೆ ಇಳಿಯುತ್ತಾಳೆ.
ಲೋಟ ತೊಳೆಯುವ ಸರದಿ ನನ್ನದು.