ಹಿಟ್ಟು, ಹೊಟ್ಟು

ಗಿರಣಿ ನಡಸೋರ ತಲಿ ಯಾರು ನೋಡ್ತಾರ?
ರೆಪ್ಪಿ ಬೆಳ್ಳಗ, ಹುಬ್ಬು ಬೆಳ್ಳಗ,
ಕಿವಿಯ ಸುಳಿಯೊಳಗೂ ಬಿಳಿಜೋಳದ ಧೂಳು.
ವಿಜಯಪುರದ ಜೋರಾಪುರ ಪೇಟಿಯೊಳಗ
ಹದಿನೇಳು ವರ್ಷ
ಈ ಬೆಳ್ಳಗಿನ ಮರಿಗೆ ನಾ ಅಡಗಿಕೊಂಡಿದ್ದೆ.

ಹಿಟ್ಟು ಯಾವುದು, ಹೊಟ್ಟು ಯಾವುದು
ನನಗಷ್ಟೇ ಗೊತ್ತಿತ್ತು.
ಹಿಟ್ಟು ಜಾಡಿಸಿದರ ಹೋಗ್ತದ.

ಅಮಾಸಿಗೆ ಗಿರಣಿ ಬಂದ್.
ಅವತ್ತು ತಲಿಗೆ ನೀರು ಹಾಕ್ಕೊಂಡು, ನೀಲಿ ಸೀರಿ ಉಟ್ಟು
ಪ್ಯಾಟಿಗೆ ಹೊಂಟರ
ತಾಸಿನೊಳಗ ಹೆಗಲ ಮ್ಯಾಲೆ ಬೀಳ್ತಿತ್ತು,
ಸಣ್ಣದಲ್ಲ, ಮೀನಿನ ಹುರುಪಿಯಂಥಾದ್ದು.
ನೀಲಿ ಬಿಟ್ಟೆ. ತವರಿನವರು ಕೊಟ್ಟ ಚಂದ್ರಕಾಳಿ
ಪೆಟ್ಟಿಗಿಯೊಳಗ ಮಡಿಕಿ ಮುರಿದು ಬಿದ್ದದ.
ಉಟ್ಟಿದ್ದೆಲ್ಲಾ ಮಾಸಲು ಬಿಳಿ, ಬೂದಿ, ಹಾಲುಗೆನಿ.
"ನೀಲಗಂಗವ್ವಗ ಬಣ್ಣದ ಹುಚ್ಚೇ ಇಲ್ಲ" ಅಂತ
ನಾದಿನಿ ಹೊಗಳ್ತಿದ್ದಳು.

ಏನು ಹಚ್ಚಿಲ್ಲ ಕೇಳ್ರಿ.
ಬಿಸಿ ಮಾಡಿದ ಕುಸುಬಿ ಎಣ್ಣಿ, ಹುಳಿ ಮೊಸರು,
ನೆನಸಿದ ಮೆಂತೆ, ಇಂಡಿಯ ನಿಂಬಿಹಣ್ಣು.
ನಿಂಬಿ ಹಚ್ಚಿದ ರಾತ್ರಿ
ಬಾಯಾಗ ಸೆರಗು ತುರುಕಿಕೊಂಡು ಅತ್ತೀನಿ.
ಬಾಚಣಿಕಿ ಹಲ್ಲಿಲೆ ಕೆರೆದು ಕೆರೆದು
ಉಗುರಿನ ಸಂದಿಗೆ ಕೆಂಪು.
ಬೋರಿನ ಗಡಸು ನೀರಿಗೆ ಬುರುಗೇ ಬರೂದಿಲ್ಲ,
ಮ್ಯಾಲೆ ಪುಷ್ಯದ ಒಣಗಾಳಿ, ನಗಬೇಕಂದರ ತುಟಿ ಒಡೀತದ.

ಒಂದಿನ ಮುದುಕಿ ಹುಸೇನಬಿ
ಡಬ್ಬಿಯೊಳಗ ಕೈ ಹಾಕಿ, ಹಿಟ್ಟು ತಿಕ್ಕಿ ನೋಡಿ,
ನನ್ನ ನೆತ್ತಿ ನೋಡಿ, ಮತ್ತ ಹಿಟ್ಟು ನೋಡಿ,
"ಎವ್ವಾ, ತಲಿಗೆ ಅರಿವಿ ಕಟ್ಟಿಕೋ" ಅಂದಳು.
ಅಷ್ಟೇ.
ಪಿಸುಮಾತಿಗೆ ಏಳು ಸಲ ದನಿ ಕೊಡೂ ಊರು ಇದು.
ಎಂಟು ದಿನದಾಗ ಹಿಂದಿನ ಓಣಿ ಗಿರಣಿಗೆ ಪಾಳಿ ಹೆಚ್ಚಾತು.

ಹುಸೇನಬಿ ಮಾತ್ರ ಮತ್ತ ನನ್ನ ಹತ್ರನೇ ಬಂದಳು,
ಐದು ಸೇರು ಜ್ವಾಳ, ಮ್ಯಾಲೊಂದು ದವಾಖಾನಿ ಚೀಟಿ.
"ನನ್ನ ಮಗಗೂ ಇದೇ, ಮೊಣಕೈ ಮ್ಯಾಲೆ. ಹೋಗು."

ಚರ್ಮದ ಡಾಕ್ಟರು ಇನ್ನೂ ಎಳೇ ಹುಡುಗಿ. ಕೈಗವಸು ಇಲ್ಲದ
ಕೂದಲು ಬೈತಲಿ ಬೈತಲಿ ಬಿಡಿಸಿ ನೋಡಿದಳು.
ನನ್ನ ನೆತ್ತಿಗೆ ಇನ್ನೊಬ್ಬರ ಬೆರಳು ತಾಗಿ
ಎಷ್ಟು ವರ್ಷಾತೋ, ಲೆಕ್ಕ ತಪ್ಪಿತು.
"ಸೋರಿಯಾಸಿಸ್" ಅಂದಳು. "ಹೊಲಸಲ್ಲ, ಅಂಟೂದಿಲ್ಲ.
ಪೂರ್ತಿ ಹೋಗೂದೂ ಇಲ್ಲ. ಇದರ ಜೋಡಿ ಬಾಳೇವು ಮಾಡಬೇಕು."
ಗಂಡನ ಬಗ್ಗೆ ನನ್ನವ್ವನೂ ಹಿಂಗೇ ಅಂದಿದ್ದಳು.

ಡಾಂಬರಿನ ಶಾಂಪೂ. ರಸ್ತೆ ಹಾಕೂವಾಗಿನ ವಾಸನಿ.
ಹಚ್ಚಿದ ಕೂಡಲೇ ತೊಳೀಬ್ಯಾಡ, ಹತ್ತು ನಿಮಿಷ ಬಿಡು.
ಗಡಿಯಾರ ಯಾಕ? ಮೂರು ಸೇರು ಬೀಸೂವಷ್ಟು ಹೊತ್ತು.
ಕಲ್ಲಿನ ದನಿ ತಲಿಯೊಳಗೇ ಅದ, ಎಣಿಸಿಕೋತ ಕೂಡತೀನಿ.
ಹುರುಪಿ ಕೀಳಬ್ಯಾಡ; ಎಣ್ಣಿಲೆ ನೆನಸು, ತಾನೇ ಬಿಡಲಿ.
ಮುಲಾಮು ಚರ್ಮಕ್ಕ, ಕೂದಲಿಗಲ್ಲ.
ಚಲೋ ಆತು ಅಂತ ಹೇಳಿದ್ದಕ್ಕಿಂತ ಹೆಚ್ಚು ದಿನ ಹಚ್ಚಬ್ಯಾಡ.

ಈಗ ಅರಿವಿ ಕಟ್ಟತೀನಿ, ಹಿಟ್ಟಿನ ಸಲುವಾಗಿ.
ಕೆಲವು ತಿಂಗಳು ನೆತ್ತಿ ತಂಪು. ಚಳಿ ಬಿದ್ದರ,
ಕರೆಂಟ್ ಬಿಲ್ಲಿಗೆ ರೊಕ್ಕ ಸಾಲದಾದರ, ಮತ್ತ ಬರ್ತದ
ಹಳೇ ಗಿರಾಕಿಯಂಗ, ಪಾಳಿ ಹಚ್ಚದ.

ನಿನ್ನೆ ಹಡಪದ ಮಡಿವಾಳಪ್ಪನ ಮಗಳು ದಾನೇಶ್ವರಿ,
ಒಂಬತ್ತನೇ ಇಯತ್ತೆ, ಗೋಧಿ ಡಬ್ಬಿ ಇಟ್ಟು ನಿಂತಳು.
ಓಣಿ ತಲಿಯೆಲ್ಲಾ ಅವರಪ್ಪನ ಕೈಯಾಗ.
ಇಕಿ ಕೈ ಮಾತ್ರ ತಿರುಗಿ ತಿರುಗಿ
ತನ್ನ ಕಿವಿ ಹಿಂದ.
ಶಾಲಿ ಅಂಗಿ ಕಡುನೀಲಿ.
ಹಿಟ್ಟು ಹಾರೂ ಕಡೆ ಸರಿದು ನಿಂತಳು, ಬೇಕಂತ.

ಆ ಸರಿಯೂದು ನನಗ ಗೊತ್ತು.

ಮೋಟರ್ ಬಂದ್ ಮಾಡಿದೆ. ಕಲ್ಲು ನಿಲ್ಲಾಕ ಹೊತ್ತು ಹಿಡೀತದ.
"ಬಾ ಇಲ್ಲೆ, ಬೆಳಕಿಗೆ" ಅಂದೆ.
ಬರಲಿಲ್ಲ.
ಅರಿವಿ ಬಿಚ್ಚಿ, ಬಾಗಿ,
ಮೊದಲು ನನ್ನ ತಲಿ ತೋರಿಸಿದೆ.