ಗುಂಡಿ ಹಚ್ಚೂ ಕೆಲಸ

ನೂಲು ಬರೂದು ನಿಂತ ವರ್ಷ
ಶಹಾಪುರದ ನಮ್ಮ ಓಣ್ಯಾಗ ಮೊದಲು ನಿಂತದ್ದು ಸದ್ದು.
ಆಮ್ಯಾಲ ಒಬ್ಬೊಬ್ಬರ ಗಂಡಸರು.
ನಮ್ಮವರು ಹೋದದ್ದು ಒಂದು ಮಂಗಳವಾರ,
ಎದಿ ಅಳತಿ ಕೊಟ್ಟು, ಹೆಬ್ಬೆಟ್ಟು ಒತ್ತಿ.
ಕೊರಳಾಗಿನ ಅರಿಷಿಣದ ದಾರ ಇನ್ನೂ ಮಾಸಿರಲಿಲ್ಲ.
ಮಾಸಿತ್ತು, ಸುಳ್ಳ್ಯಾಕ, ಐದು ತಿಂಗಳಾಗಿತ್ತು.

ಲಾಳಿ ಮಾಡದಾಗ ಇಟ್ಟು
ಕುಣಿಮಗ್ಗದ ಮ್ಯಾಲ ಗೋಣಿತಟ್ಟು ಹೊದಿಸಿ
"ಮಳಿ ಬಿದ್ದರ ನೀರು ಇಳದೀತು, ನೋಡಕೋ" ಅಂದ್ರು.
ನನ್ನ ನೋಡಕೋ ಅಂತ ಯಾರಿಗೂ ಹೇಳಲಿಲ್ಲ.

ಕ್ಯಾಂಪಿನ ಆಚಿಗೆ ತಗಡಿನ ಶೆಡ್ಡು.
ಎಂಬತ್ತು ಹೆಂಗಸರು, ಒಂದ ಬಣ್ಣ.
ಗಂಡನ ಹೆಸರೇನು ಅಂದ ಕಾರಕೂನ.
ನಾ ನೆಲ ನೋಡಿದೆ.
"ರಾಚಪ್ಪ ಅಂತ ಬರಕೋರಿ" ಅಂದಳು
ನಮ್ಮ ಓಣಿ ಹುಸೇನಬಿ, ಬಾಯಾಗಿನ ಎಲಿ ಸರಿಸಿ.
ಊರಿಗೆಲ್ಲಾ ಬರೂ ಹೆಸರು,
ನನ್ನ ಬಾಯಿಗೆ ಮಾತ್ರ ಬಾರದ್ದು.

ಡಜನ್ ಅಂಗಿಗೆ ಎರಡಾಣೆ.
ಅಂಗಿಗೆ ಏಳು ಕಾಜಾ, ಏಳು ಗುಂಡಿ.
ಮುಂಜಾನೆ ಸೂಜಿ ಎಣಿಸಿ ಕೊಡತಾರ, ಸಂಜಿಗೆ ಎಣಿಸಿ ತಗೋತಾರ,
ಮುರದರ ಎರಡೂ ತುಂಡು ತೋರಸಬೇಕು.
ಬೆರಳು ಚುಚ್ಚಿ ರಕ್ತ ಖಾಕಿ ಮ್ಯಾಲ ಬಿದ್ದರ ಎದ್ದು ಕಾಣೂದಿಲ್ಲ.
"ಅದಕ್ಕ ಆ ಬಣ್ಣ ಇಟ್ಟಾರ" ಅಂದಳು ಹುಸೇನಬಿ.
ನಕ್ಕೆವು.
ನಕ್ಕದ್ದಕ್ಕ ಮೇಸ್ತ್ರಿ ಒಂದು ಡಜನ್ ಕಡಿಮಿ ಬರದ.

ಗುಂಡಿ ಹಚ್ಚತೀನಿ ಅಂದ್ರ ಅತ್ತಿಗೆ ತಿಳೀಲಿಲ್ಲ.
"ಯಾವ ಗುಂಡಿ? ಮುಚ್ಚಾಕ ಹೊಂಟೀಯೋ ತೋಡಾಕೋ?"
ನನಗೂ ಖರೇ ಅಂದ್ರ ಗೊತ್ತಿರಲಿಲ್ಲ.
ತುಟಿ ಒಂದೀಟು ದುಂಡಗಾದರ ಸಾಕು,
ಗುಂಡಿ ಗುಂಡಾಗತೈತಿ.

ಸೀಮೆಎಣ್ಣಿ ಸಾಲಿನಾಗ ಅತ್ತಿ ನಿಲ್ಲತಾಳ,
ಅಕಿ ಪಾಳಿ ಬರೂದರಾಗ ಬ್ಯಾರಲ್ ಬರಿದು.
ಕತ್ತಲಾಗ ರೊಟ್ಟಿ ಬಡದು ಕತ್ತಲಾಗ ಉಣ್ಣತೀವಿ,
ಯಾರು ಕಡಿಮಿ ತಿಂದರು ಅಂತ
ಇಬ್ಬರಿಗೂ ಕಾಣದಾಂಗ.

ಕಾಗದ ಬಂತು, ಮೂರು ತಿಂಗಳ ಹಳೇದು,
ಯಾರ ಕೈಲೆ ಬರಸಿದ್ದರೋ.
ಮಾಸ್ತರ ಮಗ ಈರಣ್ಣ ಓದಿದ:
"ನಾನು ಕ್ಷೇಮ. ಇಲ್ಲಿ... ಕರಿ ಮಸಿ ಐತಿ, ಅಕ್ಕಾ.
ನಾವು... ಮತ್ತ ಮಸಿ... ದಾಟಿ... ಮಸಿ. ಥಂಡಿ ಬಹಳ.
ಮಗ್ಗಕ್ಕೆ ಗೆದ್ದಲು ಹತ್ತದ ಹಾಗೆ ನೋಡಿಕೊಳ್ಳುವುದು."
ಮಸಿ ಬಳದ ಜಾಗಾ ಬೆಳಕಿಗೆ ಹಿಡದು ನೋಡಿದೆ.
ಓದಾಕ ಬಾರದಾಕಿಗೆ
ಎಲ್ಲಾ ಅಕ್ಷರನೂ ಅಷ್ಟ ಕರಿ.

ಆಮ್ಯಾಲ ಒಂದು ಹುಚ್ಚು ಮಾಡಿದೆ.
ಮಗ್ಗದ ಕೆಳಗ ಸಿಕ್ಕಿತ್ತು ಗೇಣುದ್ದ ಕೆಂಪು ರೇಶಿಮಿ, ಯಾವುದೋ ಸೆರಗಿಂದು.
ಒಂದು ಅಂಗಿಯ ಎರಡನೇ ಗುಂಡಿಗೆ
ಆ ಎಳಿ ಹಚ್ಚಿ, ಖಾಕಿ ದಾರದಿಂದ ಮುಚ್ಚಿದೆ.
ಯಾರ ಮೈಗೆ ಹೋತೋ.

ಮಾಗಿಯಾಗ ಹಳೇ ಅಂಗಿ ಗಂಟು ಬಂದವು,
ತೊಳದದ್ದು. ತೂತು ಮುಚ್ಚಿ ಮತ್ತ ಕಳಸಬೇಕಂತ.
ಕೆಲವಕ್ಕ ಎದಿಯ ತೂತಿನ ಎದುರಿಗೆ
ಬೆನ್ನಾಗೂ ಒಂದು.
ಅವತ್ತು ಹುಸೇನಬಿ ಎಲಿ ಹಾಕಲಿಲ್ಲ.
ನಾ ಎರಡನೇ ಗುಂಡಿ ಬಿಚ್ಚಿ ಬಿಚ್ಚಿ ನೋಡಿದೆ.
ಕೆಂಪೆಳಿ ಸಿಗಲಿಲ್ಲ.
ಸಿಗಲಿಲ್ಲ ಅನ್ನೂದ ಆ ದಿನದ ಪಗಾರ.

ಕಾಳಸಂತ್ಯಾಗ ನೂಲು ತಂದೆ, ನಾಕು ಲಡಿ.
ರವಿವಾರ, ಗೋಣಿ ಸರಿಸಿ, ಅತ್ತಿಗೆ ಕೇಳದನ ಕುಣ್ಯಾಗ ಇಳದೆ.
ನಮ್ಮಲ್ಲಿ ಹೆಂಗಸರು ಕಂಡಿಕಿ ಸುತ್ತತಾರ, ಕುಣಿಗೆ ಇಳಿಯೂದಿಲ್ಲ.
ಸೊಂಟದ ತನಕ ನೆಲದಾಗ. ತಂಪು.
ಇಷ್ಟು ವರ್ಷ ಇಲ್ಲಿ ಕುಂತು ಗಂಡಸರು
ಏನು ವಿಚಾರ ಮಾಡತಿದ್ದರು?
ಮೊದಲನೇ ಮೊಳ ಬರೇ ಗಂಟು.
ಅತ್ತಿ ಒಳಗಿಂದ ಬಂದಳು. ಬೈಲಿಲ್ಲ.
ಗ್ವಾಡಿಗೆ ಆತು ಕುಂತು ಕಂಡಿಕಿ ಸುತ್ತಾಕ ಹತ್ತಿದಳು.
ಲಾಳಿ ಸದ್ದಿನಾಗ ಒಮ್ಮೆ
ಆ ಹೆಸರು ಅಂದು ನೋಡಿದೆ.
ನೆಲ ಏನೂ ಬಾಯಿ ಬಿಡಲಿಲ್ಲ.

ಈರಣ್ಣ, ಬರಿ:
ನಾವು ಕ್ಷೇಮ. ಸೀಮೆಎಣ್ಣಿ ಸಿಗತೈತಿ.
ಮಗ್ಗಕ್ಕ ಗೆದ್ದಲ ಹತ್ತಿಲ್ಲ, ದಿನಾ ಸದ್ದು ಮಾಡತೈತಿ.
ಯಾರು ನೇಯತಾರ ಅಂತ...
ತಡಿ. ಅದನ್ನೂ ಬರಿ,
ಬರದು ಮ್ಯಾಲ ಮಸಿ ಬಳಿ.
ಅವರೂ ಒಂದು ಸಲ
ಬೆಳಕಿಗೆ ಹಿಡದು ನೋಡಲಿ.